ಹಗಲುಗಾಲು, ರಾತ್ರಿಗಾಲು

ಕಂಚಿನ ತಟ್ಟೆಯಲ್ಲಿ ನೀರು ಹಾಕಿ ಹಲಗೆಯ ಮೇಲೆ ಇಟ್ಟಾಗ, ಒಂದು ಅಂಚಿನಲ್ಲಿ ನೀರು ಕಿರುಬೆರಳಿನ ಉಗುರಿನಷ್ಟು ಮೇಲೆ ನಿಂತಿತು. ಎದುರಿನ ಅಂಚಿನಲ್ಲಿ, ತಟ್ಟೆಯೊಳಗೆ ಕೊರೆದಿದ್ದ ಬಳ್ಳಿಯ ಒಂದು ಎಲೆ ಒಣಗಿಯೇ ಉಳಿಯಿತು. ಆ ಎಲೆ ನೆನೆಯುವ ತನಕ ನಾನು ಇಲ್ಲಿಂದ ಏಳುವುದಿಲ್ಲ ಎಂದು ಬುಡನ್ ಸಾಬರಿಗೆ ಹೇಳಿದೆ. ಅವರು ಹಲಗೆಯನ್ನು ಎತ್ತಿ, ಒಂದು ಕಾಲಿನ ತುದಿಯಿಂದ ಉಳಿಯಲ್ಲಿ ತೆಳ್ಳನೆಯ ಚಕ್ಕೆ ತೆಗೆದು, ಮತ್ತೆ ಕೂರಿಸಿದರು. ಎಲೆ ಅರ್ಧ ನೆನೆಯಿತು. ಇನ್ನೊಂದು ಚಕ್ಕೆ ಹಾರಿತು. ಎಲೆ ಪೂರ್ತಿ ಮುಳುಗಿತು. ಬುಡನ್ ಸಾಬರು ತಟ್ಟೆಯ ನೀರನ್ನು ತಮ್ಮ ಕೈಕಾಲಿಗೇ ಸುರಿದುಕೊಂಡು, ಬೆವರು ಒರೆಸಿಕೊಂಡು, "ಆಯ್ತಾ ಬೇಟಿ? ಇನ್ನ ನಾನು ನಮಾಜಿಗೆ ಹೋಗ್ಲಾ?" ಅಂದರು.

ಇಷ್ಟೆಲ್ಲ ಆದದ್ದು ಮದುವೆಯ ಹಸೆಮಣೆಗಲ್ಲ. ಎತ್ತಿನ ಗಾಡಿಯೊಳಗೆ ಹಾಕಿಕೊಂಡು ಮಲಗಲೆಂದು ಮಾಡಿಸುತ್ತಿದ್ದ ಒಂದು ಬಡ ಮಂಚಕ್ಕೆ.

ನನಗೆ ಓರೆಯಾದದ್ದನ್ನು ಸಹಿಸಲಾಗುವುದಿಲ್ಲ. ಇದು ಗುಣವಲ್ಲ, ಒಂದು ಬಗೆಯ ಕಾಯಿಲೆ. ಯಾರದಾದರೂ ಮನೆಗೆ ಹೋದಾಗ ಗೋಡೆಯ ಮೇಲಿನ ದೇವರ ಪಟ ಸೊಟ್ಟಗಿದ್ದರೆ ಅವರ ಮಾತು ನನ್ನ ಕಿವಿಗೆ ಬೀಳುವುದಿಲ್ಲ. ಮನೆಯಾಕೆ ಪಾನಕ ತರಲು ಒಳಗೆ ಹೋದ ಕ್ಷಣ ಎದ್ದು ಪಟವನ್ನು ನೇರ ಮಾಡಿ ಬಂದು, ಏನೂ ಅರಿಯದವಳಂತೆ ಕೂರುತ್ತೇನೆ. ಮೈಸೂರಿನ ವಿದ್ಯಾರ್ಥಿನಿಲಯದಲ್ಲಿ ನನ್ನ ಮಂಚದ ಒಂದು ಕಾಲು ಗಿಡ್ಡವಾಗಿತ್ತು. ಅದರ ಕೆಳಗೆ ಮಡಿಸಿದ ಕಾಗದ ಇಟ್ಟುಕೊಂಡೇ ಬಿ.ಎ. ಮುಗಿಸಿದೆ. ಪರೀಕ್ಷೆ ಹತ್ತಿರವಾದಂತೆ ಕಾಗದ ದಪ್ಪವಾಗುತ್ತಿತ್ತು. ಜೊತೆಯವರು ಅದನ್ನು ನನ್ನ ಓದಿನ ಅಳತೆ ಎಂದು ನಗುತ್ತಿದ್ದರು.

ಗಾಡಿಯ ಮಂಚ ಹುಟ್ಟಿದ್ದು ಒಂದು ಪ್ರಶ್ನೆಯಿಂದ. ಹೆಣ್ಣುಮಕ್ಕಳ ಶಾಲೆಗಳ ತನಿಖೆಗೆಂದು ವಿದ್ಯಾ ಇಲಾಖೆಯವರು ನನ್ನನ್ನು ತೆಗೆದುಕೊಂಡು ಕೆಲವು ತಿಂಗಳಾಗಿತ್ತು. ಚಳ್ಳಕೆರೆ ನನ್ನ ಊರು. ಆ ತಾಲ್ಲೂಕನ್ನೂ ಪಕ್ಕದ ಮೊಳಕಾಲ್ಮೂರನ್ನೂ ನನಗೆ ಕೊಡಬೇಕೆಂದು ಕೇಳಿಕೊಂಡೆ. ಮೇಲಧಿಕಾರಿಗಳು ಒಳ್ಳೆಯವರು, ಬಿಳಿಯ ರುಮಾಲಿನವರು. ಎದುರಿಗೆ ಹೆಂಗಸು ಕೂತಿದ್ದರೆ ಮುಖ ನೋಡದೆ ಮೇಜಿನ ಮೇಲಿನ ಶಾಯಿಕುಡಿಕೆಯನ್ನು ನೋಡಿ ಮಾತಾಡುವಷ್ಟು ಮರ್ಯಾದಸ್ಥರು. ಅವರು ಶಾಯಿಕುಡಿಕೆಯನ್ನು ಕೇಳಿದರು: "ಎಲ್ಲಾ ಸರಿ. ರಾತ್ರಿ ಮಲಗುವುದೆಲ್ಲಿ?"

ನಾನು ತರ್ಕಶಾಸ್ತ್ರ ಓದಿದವಳು. ಆ ಶಾಸ್ತ್ರದಲ್ಲಿ ಬೆಂಕಿ ಇದೆ, ಹೊಗೆ ಇದೆ, ಬೆಟ್ಟ ಇದೆ. ಬೆಟ್ಟಕ್ಕೆ ಹೋಗಿ ಬೆಂಕಿ ನೋಡಿ ಬರುವವರು ರಾತ್ರಿ ಎಲ್ಲಿ ಉಳಿದುಕೊಳ್ಳುತ್ತಾರೆ ಎಂಬುದು ಎಲ್ಲಿಯೂ ಇಲ್ಲ. ಮೊಳಕಾಲ್ಮೂರಿನ ಮುಸಾಫರಖಾನೆಯಲ್ಲಿ ಯಾವಾಗಲೂ ಯಾರಾದರೂ ಅಧಿಕಾರಿಗಳು ತಮ್ಮ ಜವಾನರೊಂದಿಗೆ ಇಳಿದುಕೊಂಡಿರುತ್ತಾರೆ. ಊರ ಪಟೇಲರ ಮನೆಯಲ್ಲಿ ಉಳಿಯಬಹುದು. ಆದರೆ ಅವರ ಹೋಳಿಗೆ ತಿಂದ ಮೇಲೆ ಮಾರನೆಯ ದಿನ ಅವರ ಊರಿನ ಶಾಲೆಯ ಸೂರು ಸೋರುತ್ತದೆ ಎಂದು ಬರೆಯುವುದು ಹೇಗೆ? "ಯೋಚಿಸಿ ಹೇಳುತ್ತೇನೆ" ಎಂದೆ. "ಈ ಒಂದು ಸಲ ಹೋಗಿ ಬನ್ನಿ. ಆಗದಿದ್ದರೆ ಮೊದಲಿನಂತೆ ನಮ್ಮವರೇ ಯಾರಾದರೂ ಹೋಗುತ್ತಾರೆ" ಎಂದು ಅವರು ಶಾಯಿಕುಡಿಕೆಯನ್ನು ಸಮಾಧಾನಪಡಿಸಿದರು.

ನಮ್ಮವರು ಎಂದರೆ ಗಂಡಸರು. ಅದೇ ತೊಂದರೆ. ಮೊಳಕಾಲ್ಮೂರಿನ ಆಚೆ, ಮೈಸೂರು ಸೀಮೆ ಮುಗಿದು ತೆಲುಗು ಸೀಮೆ ಶುರುವಾಗುವ ಕಡೆ, ಒಂದು ಹಳ್ಳಿಯಲ್ಲಿ ಹೆಣ್ಣುಮಕ್ಕಳ ಶಾಲೆ ಇತ್ತು. ತನಿಖೆಯವರು ಬರುವ ದಿನ ಅಲ್ಲಿನ ತಾಯಂದಿರು ಮಗಳಂದಿರನ್ನು ಹೊಸಿಲು ದಾಟಲು ಬಿಡುತ್ತಿರಲಿಲ್ಲ. ರುಮಾಲು ಮೀಸೆಗಳ ಅಪರಿಚಿತನೊಬ್ಬ ಕೋಲು ಹಿಡಿದು ಬಂದು, ಹುಡುಗಿಯರನ್ನು ಸಾಲಾಗಿ ನಿಲ್ಲಿಸಿ ಹೆಸರು ಕೇಳುವುದು ಅವರಿಗೆ ವಧುಪರೀಕ್ಷೆಗಿಂತ ಕಡೆಯಾಗಿ ಕಂಡಿತ್ತು. ಬಂದವರು ಖಾಲಿ ಶಾಲೆ ನೋಡಿ, ಖಾಲಿ ಎಂದು ಬರೆದು ಹೋಗುತ್ತಿದ್ದರು. ಬರೆದದ್ದು ಸುಳ್ಳಲ್ಲ. ಅವರ ಕುದುರೆ ಊರ ಗಡಿ ದಾಟಿದ ಮೇಲೆ ಅದೇ ಹುಡುಗಿಯರು ಬಂದು ತುಂಬಿಕೊಂಡು ಕೂತು ಮಗ್ಗಿ ಹೇಳುತ್ತಿದ್ದುದೂ ಸುಳ್ಳಲ್ಲ. ಈ ಸಲವೂ ಖಾಲಿ ಎಂದೇ ಆದರೆ ಶಾಲೆ ಮುಚ್ಚುವುದು ಎಂದು ತೀರ್ಮಾನವಾಗಿತ್ತು. ಹೀಗೆ ಒಂದು ಊರಿನ ಹುಡುಗಿಯರ ಓದು ನಾನು ಎಲ್ಲಿ ಮಲಗುತ್ತೇನೆ ಎಂಬುದರ ಮೇಲೆ ನಿಂತಿತು.

ಗಂಡಸರಿಗೆ ಈ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ನೋಡಿ, ನಮ್ಮ ನಾಡಿನಲ್ಲಿ ಗಂಡಸಿಗೆ ಮಲಗಲು ಎಷ್ಟು ಜಾಗಗಳಿವೆ! ಪರರ ಮನೆಯ ಜಗಲಿ ಇದೆ, ಗುಡಿಯ ಪ್ರಾಕಾರ ಇದೆ, ಛತ್ರ ಇದೆ, ಮಠ ಇದೆ, ಕಣದ ಹುಲ್ಲಿನ ಮೆದೆ ಇದೆ. ನಮ್ಮ ಚಳ್ಳಕೆರೆಯ ಕಡೆ ಕುರಿ ಕಾಯುವವರಿಗೆ ಇದಾವುದೂ ಬೇಡ. ಹೆಗಲ ಮೇಲಿನ ಕರಿಕಂಬಳಿಯೇ ಅವರಿಗೆ ಹಾಸಿಗೆ, ಹೊದಿಕೆ, ಮಳೆಗೆ ಕೊಪ್ಪೆ, ಮಗ್ಗುಲಿನ ಗೋಡೆ. ಕುರಿಮಂದೆಯ ನಡುವೆ ಅದನ್ನು ಹಾಸಿ ಒರಗಿದರೆ ಮುಗಿಯಿತು. ಜಗಲಿಯ ಮೇಲೆ ಮಲಗಿದ ಗಂಡಸು ಪರಸ್ಥಳದವನು ಎನಿಸಿಕೊಳ್ಳುತ್ತಾನೆ. ಅದೇ ಜಗಲಿಯ ಮೇಲೆ ಹೆಂಗಸು ಮಲಗಿದರೆ ಅವಳು ಸುದ್ದಿಯಾಗುತ್ತಾಳೆ.

ಗಾದೆಗಳನ್ನು ಕಟ್ಟಿದವರೂ ಜಗಲಿಯ ಮೇಲೆ ಮಲಗಿದವರೇ ಇರಬೇಕು. ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎನ್ನುತ್ತಾರೆ. ಚಿಂತೆ ಇಲ್ಲದವಳ ವಿಷಯ ಎತ್ತುವುದೇ ಇಲ್ಲ. ಅವಳು ಸಂತೆಯಲ್ಲಿ ಮಲಗಿದರೆ ಚಿಂತೆ ಮಾಡುವ ಕೆಲಸವನ್ನು ಸಂತೆಯೇ ವಹಿಸಿಕೊಳ್ಳುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಇನ್ನೊಂದಿದೆ. ಚಿಕ್ಕವಳಿದ್ದಾಗಿನಿಂದ ಅವ್ವ ಅದನ್ನು ನನಗೆ ಹೇಳುತ್ತಲೇ ಬಂದಿದ್ದಳು. ಮೈಸೂರಿಗೆ ಓದಲು ಹೊರಟಾಗಲೂ ಹೇಳಿದಳು. ಆ ಗಾದೆ ಕಾಲಿಗೆ ಬುದ್ಧಿ ಹೇಳುತ್ತದೆಯೇ ಹೊರತು ಹಾಸಿಗೆಗೆ ಏನೂ ಹೇಳುವುದಿಲ್ಲ. ಕಾಲಿಗೆ ಸಾಲುವಷ್ಟು ಹಾಸಿಗೆಯನ್ನು ಮಾಡಿಸಿಕೊಂಡರೆ ಹೇಗೆ ಎಂದು ನನಗೆ ಹೊಳೆದದ್ದು ಶಾಯಿಕುಡಿಕೆಯ ಎದುರಿನಿಂದ ಎದ್ದು ಬಂದ ಮೇಲೆ.

ನಮ್ಮ ಮನೆಯಲ್ಲಿ ಕಮಾನು ಕಟ್ಟಿದ ಸವಾರಿ ಗಾಡಿ ಇತ್ತು. ಮೇಲೆ ಈಚಲು ಚಾಪೆಯ ಹೊದಿಕೆ, ಹಿಂದೆ ಮುಂದೆ ಪರದೆ ಇಳಿಬಿಟ್ಟರೆ ಅದು ಮನೆಯೇ. ಗಾಡಿ ಹೊಡೆಯಲು ಪಾಲಯ್ಯ ಇದ್ದ; ಅವನ ಅವ್ವ ಮೊಳಕಾಲ್ಮೂರಿನ ಕಡೆಯವಳಾದ್ದರಿಂದ ಎತ್ತಿಗೆ ಕನ್ನಡದಲ್ಲೂ ಬೈಗುಳಕ್ಕೆ ತೆಲುಗಿನಲ್ಲೂ ಮಾತಾಡುತ್ತಿದ್ದ. ಜೊತೆಗೆ ಬರಲು ಅಪ್ಪನ ಅಕ್ಕ ತಿಪ್ಪಮ್ಮತ್ತೆ ಒಪ್ಪಿದಳು. ಅತ್ತೆಗೆ ಗಂಡನಿಲ್ಲ, ಮಕ್ಕಳಿಲ್ಲ, ಎರಡು ಮಂಡಿಗಳಲ್ಲಿ ಒಂದಕ್ಕೂ ಬಲವಿಲ್ಲ. ಬಾಯಿಗೆ ಮಾತ್ರ ಎಲ್ಲರ ಬಲವೂ ಬಂದಿತ್ತು. "ಗಾಡಿನಾಗೆ ಮಲಗಾದಾದ್ರೆ ಬರ್ತೀನಿ. ಆದ್ರೆ ಮಗಾ, ಟ್ರಂಕಿನ ಮ್ಯಾಲೆ, ಬಿಂದಿಗೆ ಮ್ಯಾಲೆ ಮುರುಟ್ಕಂಡು ಮಲಗು ಅಂದ್ರೆ ನನ್ ಕೈಲಾಗಲ್ಲ. ನನ್ಗೆ ಮಂಚ ಬೇಕು" ಅಂದಳು.

ಸಾಮಾನೂ ಹಿಡಿಯಬೇಕು, ಇಬ್ಬರು ಕಾಲು ಚಾಚಿ ಮಲಗಲೂ ಆಗಬೇಕು. ಹಾಗಾದರೆ ಸಾಮಾನು ಕೆಳಗೆ, ನಾವು ಮೇಲೆ. ಗಾಡಿಯ ತಳಕ್ಕೆ ಸರಿಯಾಗಿ ಕೂರುವ ಹಲಗೆ, ಅದಕ್ಕೆ ಟ್ರಂಕು ನುಸುಳುವಷ್ಟು ಎತ್ತರದ ನಾಲ್ಕು ಕಾಲು. ಇಷ್ಟೇ. ಹಾಳೆಯ ಮೇಲೆ ಗೆರೆ ಎಳೆದುಕೊಂಡು, ಪೇಟೆಯ ಹಿಂದಿನ ಬೀದಿಯಲ್ಲಿ ಗಾಡಿ ಜಟಕಾಗಳ ಕೆಲಸ ಮಾಡುವ ಬುಡನ್ ಸಾಬರ ಅಂಗಳಕ್ಕೆ ಅತ್ತೆಯ ಜೊತೆ ಹೋದೆ.

"ಗಾಡಿಯಾಗೆ ಪಲಂಗ್ ಯಾಕೆ ಬೇಟಿ? ಮದಿವಿ ದಿಬ್ಬಣಕ್ಕಾ?" ಅಂದರು ಸಾಬರು.

"ಇಲ್ಲ ಸಾಬರೆ. ಶಾಲೆ ನೋಡೋಕೆ."

"ಶಾಲೆ ಮಲ್ಕಂಡು ನೋಡ್ತಾರಾ ಈಗ?"

"ಸಂಬ್ಳ ಕೊಟ್ರೆ ನೀವೂ ಮಲ್ಕಂಡೇ ನೋಡ್ತಿದ್ರಿ" ಎಂದಳು ಅತ್ತೆ.

"ಅರೆ, ನಾನು ಸಂಬ್ಳ ಇಲ್ದೇನೂ ಮಲ್ಕಂತೀನಿ ತಿಪ್ಪಮ್ಮ, ಈ ಬೀದಿಯಾಗೆ ನೀನು ಮಾತಾಡ್ದೆ ಇದ್ರೆ" ಎಂದು ಸಾಬರು ಉಳಿ ಕೈಗೆತ್ತಿಕೊಂಡರು.

ಇಲ್ಲಿ ನನ್ನ ವಿದ್ಯೆ ಮಧ್ಯೆ ಬಾಯಿ ಹಾಕಿತು. ಎತ್ತಿನ ಗಾಡಿಗೆ ಎರಡೇ ಚಕ್ರ. ಎತ್ತು ಕಟ್ಟಿದಾಗ ಅದು ನೆಟ್ಟಗೆ ನಿಲ್ಲುತ್ತದೆ. ಎತ್ತು ಬಿಚ್ಚಿದರೆ ಮುಂದಿನ ಉದ್ದನೆಯ ಮೂಕಿ ನೆಲಕ್ಕೆ ಬಾಗಿ, ಗಾಡಿ ನಮಸ್ಕಾರ ಮಾಡಿದಂತೆ ಮುಂದಕ್ಕೆ ಇಳಿಯುತ್ತದೆ. ರಾತ್ರಿ ಎತ್ತು ಬಿಚ್ಚಲೇಬೇಕು. ಆಗ ಮಂಚವೂ ಇಳಿಜಾರಾಗುತ್ತದೆ. ಬೆಳಗಾಗುವುದರೊಳಗೆ ನಾವಿಬ್ಬರೂ ನೊಗದ ಹತ್ತಿರ ಮುದ್ದೆಯಾಗಿರುತ್ತೇವೆ. ಮೂಕಿಗೆ ಒಂದು ಊರುಗೋಲು ಕೊಟ್ಟು ನಿಲ್ಲಿಸಬಹುದಲ್ಲ ಎಂದು ಪಾಲಯ್ಯನನ್ನು ಕೇಳಿದೆ. "ಕೀಲೆಣ್ಣೆ ಹಾಕಾಕೆ ಅದು ಸಾಕ್ರವ್ವ. ಮಲಗಾಕೆ ಬ್ಯಾಡ. ರಾತ್ರಿ ನಮ್ ಬಿಳಿಯ ಮೈ ತುರ್ಸಿಕ್ಯಂತಾನೆ ಅಂದ್ರೆ ಕೋಲೂ ಹೋತು, ನೀವೂ ಹೋದ್ರಿ" ಅಂದ. ಬಿಳಿಯ ಎಂದರೆ ಎಡಗಡೆಯ ಎತ್ತು. ಅದಕ್ಕೆ ಸದಾ ಮೈ ತುರಿಕೆ.

ಹಾಗಾದರೆ ಇಳಿಜಾರನ್ನು ಮಂಚದ ಕಾಲಿನಲ್ಲೇ ತೀರಿಸಬೇಕು ಎಂದುಕೊಂಡೆ. ಮುಂದಿನ ಎರಡು ಕಾಲು ಎತ್ತರ, ಹಿಂದಿನ ಎರಡು ಗಿಡ್ಡ. ಮೂಕಿ ನೆಲದ ಮೇಲಿದ್ದಾಗ ಹಲಗೆ ಕೆರೆಯ ನೀರಿನಂತೆ ಮಟ್ಟಸ. ಇದನ್ನು ಹಾಳೆಯ ಮೇಲೆ ಲೆಕ್ಕ ಹಾಕಿ ತೋರಿಸಿದಾಗ ಸಾಬರು ತಲೆದೂಗಿದರು. ಕರಿಜಾಲಿಯ ಕಾಲು, ಬೇವಿನ ಹಲಗೆ. ಕಾಲುಗಳನ್ನು ಮೊಳೆ ಹೊಡೆಯದೆ ತೂತಿನಲ್ಲಿ ಕೂರಿಸಿ ಬೆಣೆ ಬಡಿದರು. ಹಲಗೆ ಸಿದ್ಧವಾದ ದಿನವೇ, ಮೂಕಿ ನೆಲಕ್ಕೆ ಇಳಿಬಿಟ್ಟ ಗಾಡಿಯೊಳಗೆ, ಆ ಕಂಚಿನ ತಟ್ಟೆಯ ಪರೀಕ್ಷೆ ನಡೆದದ್ದು. ಎಲೆ ಮುಳುಗಿತು. ನಾನು ಸಂತೋಷದಿಂದ ಮನೆಗೆ ಬಂದೆ. ಬಿ.ಎ. ತೇರ್ಗಡೆಯಾದಾಗಲೂ ಅಷ್ಟು ಸಂತೋಷ ಆಗಿರಲಿಲ್ಲ. ಆಗ ತೇರ್ಗಡೆ ಮಾಡಿದವರು ಬೇರೆಯವರು.

ಮಾರನೆಯ ದಿನ ಬೆಳಕು ಹರಿಯುವಾಗ ಹಾಸಿಗೆ ಹಾಸಿ, ಟ್ರಂಕು ಬಿಂದಿಗೆಗಳನ್ನು ಕೆಳಗೆ ತಳ್ಳಿ, ಅತ್ತೆಯನ್ನು ಹತ್ತಿಸಿ ಕೂರಿಸಿದೆವು. ಪಾಲಯ್ಯ ಎತ್ತು ಹೂಡಿದ. ಮೂಕಿ ಮೇಲೆದ್ದಿತು.

ಓದುತ್ತಿರುವ ನಿಮಗೆ ಆಗಲೇ ತಿಳಿದಿರಬೇಕು. ನನಗೆ ತಿಳಿಯಲು ಊರ ಹೊರಗಿನ ದಿಬ್ಬ ಬರಬೇಕಾಯಿತು. ಗಾಡಿಯ ಮುಂಭಾಗ ಎದ್ದಿತೆಂದರೆ ಎತ್ತರದ ಕಾಲುಗಳೂ ಎದ್ದವು. ರಾತ್ರಿಗೆ ಮಟ್ಟಸವಾದ ಹಲಗೆ ಹಗಲಿಗೆ ಜಾರುಬಂಡೆಯಾಯಿತು. ಅತ್ತೆ ಮೊದಲು ಮೆತ್ತಗೆ, ಆಮೇಲೆ ಎಲೆಅಡಿಕೆ ಚೀಲದ ಸಮೇತ, ಹಿಂದಿನ ಪರದೆಯ ಕಡೆಗೆ ಹೊರಟಳು. ನಾನು ಅವಳ ಸೆರಗು ಹಿಡಿದೆ, ಅವಳು ಕಮಾನಿನ ಬಿದಿರು ಹಿಡಿದಳು. ಎರಡು ಕಾಲೂ ಪರದೆಯ ಹೊರಗೆ ಚಳ್ಳಕೆರೆಗೆ ವಿದಾಯ ಹೇಳುತ್ತಿದ್ದವು. ಹಿಂದೆ ಹುಲ್ಲಿನ ಹೊರೆ ಹೊತ್ತು ಬರುತ್ತಿದ್ದ ಹೆಂಗಸರು ಹೊರೆ ಇಳಿಸಿ ನಗಲು ಶುರುಮಾಡಿದರು.

"ಪಾಲಯ್ಯಾ, ನಿಲ್ಸೋ! ನಿನ್ ಮನೆ ಕಾಯೋಗ! ನಾನು ವಾಪಸ್ ಊರಿಗ್ ಹೋಗ್ತಾ ಇದ್ದೀನಿ!"

ಪಾಲಯ್ಯ ನಿಲ್ಲಿಸಿ ಇಳಿದು ಬಂದು, ಅತ್ತೆಯ ಕಾಲುಗಳನ್ನೂ ನನ್ನನ್ನೂ ನೋಡಿ, "ಅದ್ಕೇ ನಿನ್ನೆ ಅಂದ್ಕಂಡೆ. ಇದು ನಿಂತ್ ಗಾಡಿಗೆ ಮಾತ್ರ ಮಾಡ್ಸಿರಾ ಮಂಚ, ಹಗಲೊತ್ತು ಇವ್ರು ನಡ್ಕಂಡ್ ಬರ್ತಾರೇನೋ ಅಂತ" ಅಂದ.

"ಅಂದ್ಕಂಡೋನು ಬಾಯ್ಬಿಟ್ಟು ಹೇಳ್ಬಾರ್ದಾ?" ಎಂದಳು ಅತ್ತೆ.

"ಓದಿದೋರು ಗೆರೆ ಎಳ್ದು ಮಾಡ್ಸಿದ್ದು. ನಾನೇನ್ ಹೇಳ್ಲಿ ರೀ? ನಾನೂ ಎತ್ತಿನ್ ಲಾಳದ ಚಿಂತ್ಯಾಗಿದ್ದೆ."

ಸಾಬರು ನಾನು ಹೇಳಿದ್ದನ್ನು ಯೋಚಿಸಿದ್ದರು, ಪಾಲಯ್ಯ ಲಾಳವನ್ನು ಯೋಚಿಸಿದ್ದ. ನಾನಂತೂ ಮಲಗುವುದೆಲ್ಲಿ ಎಂಬ ಪ್ರಶ್ನೆಗೆ ಎಷ್ಟು ಸರಿಯಾದ ಉತ್ತರ ಕಂಡುಹಿಡಿದಿದ್ದೆನೆಂದರೆ, ಎಚ್ಚರವಾಗಿರುವವರು ಎಲ್ಲಿ ಕೂರಬೇಕು ಎಂಬುದು ನೆನಪೇ ಆಗಿರಲಿಲ್ಲ. ರಾತ್ರಿಯ ಚಿಂತೆಯಲ್ಲಿ ಹಗಲನ್ನು ಮರೆತಿದ್ದೆ. ಇದು ಮಂಚಕ್ಕೆ ಮಾತ್ರ ಸಂಬಂಧಿಸಿದ ಮಾತಲ್ಲ ಎಂದು ಆಮೇಲೆ ಅನೇಕ ಸಲ ಅನ್ನಿಸಿದೆ. ಮುಪ್ಪಿಗೆಂದು ಕೂಡಿಟ್ಟು ಹರೆಯದಲ್ಲಿ ಉಪವಾಸ ಇರುವವರನ್ನು, ಪರಲೋಕದ ಹಾಸಿಗೆಯನ್ನು ಮಟ್ಟಸ ಮಾಡುತ್ತಾ ಇಹಲೋಕದಲ್ಲಿ ಎಲ್ಲರನ್ನೂ ಜಾರಿಸಿ ಬೀಳಿಸುವವರನ್ನು ಕಂಡಾಗಲೆಲ್ಲ ನನಗೆ ಅತ್ತೆಯ ಆ ಎರಡು ಕಾಲು ಕಣ್ಣ ಮುಂದೆ ಬರುತ್ತವೆ.

ಸ್ವಲ್ಪ ಸುತ್ತಾದರೂ ನಾವು ಕುದಾಪುರದ ಮೇಲೆ ಹಾಯ್ದು ಹೋಗಬೇಕಿತ್ತು. ಅಲ್ಲಿ ಅತ್ತೆಯ ನಂಟರ ಮನೆಯಲ್ಲಿ ಮೊದಲ ರಾತ್ರಿ ಉಳಿಯುವುದೆಂದು ಮಾತಾಗಿತ್ತು. ಸರ್ಕಾರದ ದನ ಮೇಯುವ ವರವು ಕಾವಲಿನ ಅಂಚು ಬರುವವರೆಗೆ ಅತ್ತೆ ಕಮಾನಿಗೆ ಜೋತುಬಿದ್ದುಕೊಂಡೇ ಬಂದಳು, ಬಾಯಿ ಮಾತ್ರ ಜೋತುಬೀಳಲಿಲ್ಲ. ಕಾವಲಿನ ಹತ್ತಿರ ಗಾಡಿ ನಿಲ್ಲಿಸಿದೆವು. ಆ ಬಯಲನ್ನು ನೀವು ನೋಡಿಲ್ಲದಿದ್ದರೆ ಒಮ್ಮೆ ನೋಡಬೇಕು. ಮರ ಇಲ್ಲ, ಬಂಡೆ ಇಲ್ಲ. ಕಣ್ಣು ಎಲ್ಲಿಯವರೆಗೆ ಹೋಗುತ್ತದೋ ಅಲ್ಲಿಯವರೆಗೆ ಹುಲ್ಲು. ಗಾಳಿ ಬಂದರೆ ಇಡೀ ನೆಲವೇ ಒಂದು ಕಡೆಗೆ ವಾಲಿ ಮತ್ತೆ ಸರಿಹೋಗುತ್ತದೆ. ದೂರದಲ್ಲಿ ಅಮೃತ ಮಹಲಿನ ದನಗಳು ಉದ್ದ ಕೊಂಬುಗಳನ್ನು ಹಿಂದಕ್ಕೆ ಚೆಲ್ಲಿಕೊಂಡು ನಿಂತಿದ್ದವು. ಅಷ್ಟು ವಿಶಾಲವಾಗಿ ಮಟ್ಟಸವಾದ ಜಾಗದ ನಡುವೆ ಓರೆಯಾಗಿ ಇದ್ದದ್ದು ನನ್ನ ಮಂಚ ಒಂದೇ.

ಕಾವಲುಗಾರ ಬಂದ. ನಮ್ಮ ಎತ್ತು ಸರ್ಕಾರದ ಹುಲ್ಲಿಗೆ ಬಾಯಿ ಹಾಕಬಾರದೆಂದು ಗದರಿದ. ಅತ್ತೆ ಅವನಿಗೆ ಎಲೆಅಡಿಕೆ ಕೊಟ್ಟು, ತಾನು ಜಾರಿದ ಕಥೆಯನ್ನು ಹೇಳಿದಳು. ಅವನು ನಕ್ಕು, ಎತ್ತುಗಳ ಕಡೆಗೆ ಬೆನ್ನು ಮಾಡಿ ಕೂತ.

ನಾನು ಗಾಡಿಯ ಕೆಳಗೆ ಬಗ್ಗಿ ನೋಡುತ್ತಿದ್ದೆ. ಬೆಣೆ ಬಡಿದ ಕಾಲು. ಮೊಳೆ ಇಲ್ಲ. ಬಡಿದದ್ದು ಬಿಚ್ಚಲೂ ಬರುತ್ತದೆ. ಮುಂದಿನ ಎರಡು ಕಾಲನ್ನು ಹಗಲು ಹೊತ್ತು ಕಳಚಿಬಿಟ್ಟರೆ? ಆಗ ಹಲಗೆಯ ಮುಂದಿನ ಅಂಚಿಗೆ, ಹಿಂದಿನ ಕಾಲಿನಷ್ಟೇ ಎತ್ತರದ ಏನಾದರೂ ಬೇಕು. ಆ ಬಯಲಿನಲ್ಲಿ ಒಂದು ಕೊರಡೂ ಇರಲಿಲ್ಲ. ಹಲಗೆಯ ಕೆಳಗೆ ನನ್ನ ತಗಡಿನ ಟ್ರಂಕು ಇತ್ತು. ನುಸುಳಲೆಂದೇ ಅಳತೆ ಕೊಟ್ಟದ್ದರಿಂದ ಹಿಂದಿನ ಕಾಲಿಗಿಂತ ಒಂದಿಷ್ಟೇ ಗಿಡ್ಡ. ಅದರ ಮೇಲೆ ಒಂದು ಕಂಬಳಿ ಮಡಿಸಿ ಹಾಕಿದರೆ ಸರಿಸಮ. ಪಾಲಯ್ಯ ಕಲ್ಲಿನಿಂದ ಬೆಣೆ ಸಡಿಲಿಸಿ ಕಾಲು ಕಿತ್ತ. ಟ್ರಂಕನ್ನು ಮುಂದಕ್ಕೆ ಎಳೆದು ಅಂಚಿನ ಕೆಳಗೆ ಕೊಟ್ಟೆವು. ಎತ್ತು ಹೂಡಿಸಿ, ಅತ್ತೆಯ ಆ ಕಂಚಿನ ತಟ್ಟೆಗೆ ನೀರು ಹಾಕಿ ಹಲಗೆಯ ಮೇಲಿಟ್ಟೆ.

"ಇನ್ನೂ ಬುದ್ಧಿ ಬಂದಿಲ್ವಾ ನಿಂಗೆ? ತಟ್ಟೆ ಯಾಕೆ, ನಾನೇ ಹತ್ತಿ ಕುಂತು ಹೇಳ್ತೀನಿ ತಗಾ" ಎಂದು ಅತ್ತೆ ಹತ್ತಿ ಕೂತಳು. ಗಾಡಿ ಹೊರಟಿತು. ಅತ್ತೆ ಜಾರಲಿಲ್ಲ. ಟ್ರಂಕಿನಲ್ಲಿ ಇಲಾಖೆಯ ಸುತ್ತೋಲೆಗಳು, ನಿಯಮಾವಳಿ, ತನಿಖೆಯ ನಮೂನೆಗಳು ಇದ್ದವು. ಸರ್ಕಾರದ ಕಾಗದಗಳು ಒಬ್ಬ ಬಡ ವಿಧವೆಯ ಭಾರವನ್ನು ಹೊತ್ತದ್ದನ್ನು ನಾನು ಕಂಡದ್ದು ಅದೇ ಮೊದಲು. ಕಳಚಿದ ಕಾಲುಗಳನ್ನು ಅತ್ತೆ ಮಡಿಲಲ್ಲಿ ಇಟ್ಟುಕೊಂಡಳು. ಅವಕ್ಕೆ ರಾತ್ರಿಗಾಲು ಎಂದೂ, ನನ್ನ ಟ್ರಂಕಿಗೆ ಹಗಲುಗಾಲು ಎಂದೂ ಹೆಸರಿಟ್ಟಳು. ಹೆಸರು ನಿಂತುಬಿಟ್ಟಿತು. ಸಂಜೆಯಾದರೆ ಪಾಲಯ್ಯ, "ರಾತ್ರಿಗಾಲು ಕೊಡ್ರವ್ವ" ಎಂದು ಕೈ ಚಾಚುತ್ತಿದ್ದ.

ಎರಡನೆಯ ರಾತ್ರಿ ದಾರಿಯ ಒಂದು ಊರಿನ ಬಾವಿಯ ಹತ್ತಿರ ಗಾಡಿ ಬಿಟ್ಟು, ಮಂಚ ಕೂರಿಸಿ ಮಲಗಿದೆವು. ಮಂಚ ತನ್ನ ಕೆಲಸ ಮಾಡಿತು, ಮಾಡದವಳು ನಾನು. ಅತ್ತೆ ಗೊರಕೆ ಹೊಡೆದಳು. ನಾನು ಪರದೆಯ ಆಚೆಯ ಒಂದೊಂದು ಸದ್ದಿಗೂ ಕಿವಿಗೊಟ್ಟು, ಯಾರಾದರೂ ನೋಡಿದರೆ ಹೇಗಿರುತ್ತದೆ ಎಂದು ಯೋಚಿಸುತ್ತಾ ಬೆಳಗು ಮಾಡಿದೆ. ಮಲಗಿದವರ ಮುಖ ಅವರ ಕೈಯಲ್ಲಿ ಇರುವುದಿಲ್ಲವಷ್ಟೆ. ಬಾಯಿ ತೆರೆದಿರುತ್ತದೆ, ಜಡೆ ಬಿಚ್ಚಿರುತ್ತದೆ. ಅದಕ್ಕೇ ನಾನು ಎಲ್ಲಿದ್ದರೂ ಎಲ್ಲರಿಗಿಂತ ಮೊದಲು ಎದ್ದು, ಹಾಸಿಗೆ ಸುತ್ತಿಟ್ಟು, ತಲೆ ಬಾಚಿ, ಕನ್ನಡಕ ಹಾಕಿಕೊಂಡುಬಿಡುವವಳು. ವಿದ್ಯಾರ್ಥಿನಿಲಯದಲ್ಲಿ ಇದ್ದ ಅಷ್ಟೂ ವರ್ಷ ನಾನು ಮಲಗಿದ್ದನ್ನು ಯಾರೂ ಕಂಡಿರಲಿಲ್ಲ ಎಂಬುದು ನನ್ನ ಗುಟ್ಟಿನ ಹೆಮ್ಮೆ.

ಮಾರನೆಯ ಮಧ್ಯಾಹ್ನ ಮೊಳಕಾಲ್ಮೂರಿನಲ್ಲಿ ಎತ್ತಿಗೆ ನೀರು ಕುಡಿಸಲು ನಿಂತೆವು. ಎದುರು ಮನೆಯ ಬಾಗಿಲು ತೆರೆದಿತ್ತು. ಒಳಗೆ ರೇಷ್ಮೆ ಸೀರೆ ನೇಯುವ ಮಗ್ಗ. ನೇಯುವವನು ಸೊಂಟದವರೆಗೆ ನೆಲದಲ್ಲಿ ಹೂತವನಂತೆ ಕಾಣುತ್ತಿದ್ದ. ಮಗ್ಗದ ಕೆಳಗೆ ಗುಂಡಿ ತೋಡಿ, ಅದರಲ್ಲಿ ಕಾಲು ಇಳಿಬಿಟ್ಟು ಕೂತಿದ್ದ. ನೋಡುತ್ತಾ ನಿಂತೆ. ಈ ಮನುಷ್ಯ ತನ್ನ ಕೆಲಸಕ್ಕೆ ತನ್ನ ಕಾಲು ಎಲ್ಲಿರಬೇಕೆಂದು ಯೋಚಿಸಿ, ಮನೆಯ ನೆಲವನ್ನೇ ಅಗೆದಿದ್ದಾನೆ. ಕಮ್ಮಾರ ತನ್ನ ಕುಲುಮೆಯ ಪಕ್ಕ ಕೂರಲು ತಗ್ಗು ಮಾಡಿಕೊಂಡಿದ್ದಾನೆ, ಹೊಲ ಕಾಯುವವನು ಅಟ್ಟಣೆ ಕಟ್ಟಿಕೊಂಡಿದ್ದಾನೆ. ಕೆಲಸ ಎಂಬುದು ಎಲ್ಲಿದೆಯೋ ಅಲ್ಲಿ ಮೈಗೊಂದು ಜಾಗ ಮಾಡಿಕೊಳ್ಳುವುದೇ ಅದರ ಮೊದಲ ಪಾಠ. ನಾನೂ ಅಷ್ಟೇ ಮಾಡಿದ್ದು. ಹೊಸದೇನಲ್ಲ.

ನೇಕಾರನ ಹೆಂಡತಿ ಕೈಯಲ್ಲಿ ನೂಲಿನ ಲಡಿ ಹಿಡಿದೇ ಹೊರಗೆ ಬಂದಳು. ನಾವು ಯಾರು, ಎಲ್ಲಿಗೆ ಎಂದು ತೆಲುಗಿನಲ್ಲಿ ಕೇಳಿದಳು. "ಇನ್ಸ್‌ಪೆಟ್ರಮ್ಮ" ಎಂದ ಪಾಲಯ್ಯ, ತಾನೇ ನನ್ನನ್ನು ನೇಮಿಸಿದವನ ಗತ್ತಿನಲ್ಲಿ. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ, "ರಾತ್ರಿಕಿ ಯಾಡ ಪಂಡುಕುಂಟಾವಮ್ಮಾ?" ಅಂದಳು. ರಾತ್ರಿ ಎಲ್ಲಿ ಮಲಗ್ತೀಯಮ್ಮಾ?

ಅದೇ ಪ್ರಶ್ನೆ. ಮೇಲಧಿಕಾರಿಗಳ ಬಾಯಲ್ಲಿ ಅದು ಮುಚ್ಚಿದ ಬಾಗಿಲಾಗಿತ್ತು, ಇವಳ ಬಾಯಲ್ಲಿ ತೆರೆದ ಬಾಗಿಲು. ನಾನು ಗಾಡಿಯ ಪರದೆ ಸರಿಸಿ ತೋರಿಸಿದೆ. ಅವಳು ಹಲಗೆಯನ್ನು ಅಂಗೈಯಿಂದ ಒತ್ತಿ ನೋಡಿದಳು. ಅತ್ತೆ ಆಗಲೇ ಮಡಿಲಿನ ರಾತ್ರಿಗಾಲು ಕೆಳಗಿಟ್ಟು, ಜಾರಿದ ಕಥೆಯನ್ನು ಕನ್ನಡದಲ್ಲಿ ಶುರುಮಾಡಿದ್ದಳು. ಪಾಲಯ್ಯ ತೆಲುಗಿನಲ್ಲಿ ಉಪ್ಪುಖಾರ ಹಚ್ಚುತ್ತಿದ್ದ. ಕಥೆಯಲ್ಲಿ ಅತ್ತೆ ಈಗ ಪರದೆಯ ಹೊರಗೆ ಸೊಂಟದವರೆಗೆ ಹೋಗಿಬಿಟ್ಟಿದ್ದಳು. ಬೀದಿಯ ಹೆಂಗಸರೆಲ್ಲ ಸೇರಿದರು. ನಾನು ನಾಚಿಕೊಂಡು ಎತ್ತಿನ ಮರೆಗೆ ಹೋಗಿ ನಿಂತೆ.

ಹೊತ್ತು ಇಳಿಯುವಾಗ ಗಡಿಯ ಹಳ್ಳಿ ಸೇರಿದೆವು. ಶಾಲೆ ಎಂದರೆ ಒಂದು ಅಂಕಣದ ಮಣ್ಣಿನ ಮನೆ, ಮುಂದೆ ಬೇವಿನ ಮರ. ಉಪಾಧ್ಯಾಯಿನಿ ರುದ್ರಮ್ಮನವರು ನನಗಿಂತ ಚಿಕ್ಕವರು. ಬಾಗಿಲಿಗೆ ಸಗಣಿ ಸಾರಿಸಿ, ರಂಗೋಲಿ ಹಾಕಿ ಕಾಯುತ್ತಿದ್ದರು. ಕೈಮುಗಿದವರು ಕೈ ಬಿಡಿಸದೆ ಹಾಗೆಯೇ ನಿಂತರು.

"ನಾಳೆ ಹುಡ್ಗೀರು ಬರ್ತಾರೋ ಇಲ್ವೋ, ಹೇಳಾಕೆ ಬರಲ್ಲ ರೀ. ಮನೆ ಮನೆಗೂ ಹೋಗಿ ಹೇಳಿ ಬಂದೀನಿ, ಈ ಸಲ ಬರೋರು ಹೆಂಗಸ್ರು ಅಂತ. ಯಾರೂ ನಂಬಲ್ಲ. 'ಇನ್ಸ್‌ಪೆಟ್ರು ಅಂದ್ರೆ ಹೆಂಗಸ್ರು ಎಲ್ಲಿರ್ತಾರೆ, ನಮ್ಮನ್ನ ಯಾಮಾರಿಸ್ತೀಯಾ' ಅಂತಾರೆ. ನಾಳೇನೂ ಬರ್ದಿದ್ರೆ ಈ ಶಾಲೆ..."

ಮುಂದಿನದು ನನಗೂ ಗೊತ್ತಿತ್ತು. ಬೇರೆಯವರಾದರೆ ನಾಲ್ಕು ಮನೆಗೆ ಹೋಗಿ ಮುಖ ತೋರಿಸಿ, ಮಾತಾಡಿಸಿ ಬರುತ್ತಿದ್ದರು. ನನಗೆ ಅದು ಬಾರದು. ಅಪರಿಚಿತರ ಹೊಸಿಲಿನಲ್ಲಿ ನನ್ನ ನಾಲಿಗೆ ಒಣಗುತ್ತದೆ. "ನೋಡೋಣ" ಎಂದಷ್ಟೇ ಹೇಳಿ, ಬೇವಿನ ಮರದ ಕೆಳಗೆ ಗಾಡಿ ಬಿಡಿಸಿ, ರಾತ್ರಿಗಾಲು ಹಾಕಿಸಿ, ತಟ್ಟೆಯ ನೀರಿನಲ್ಲಿ ಎಲೆ ಮುಳುಗಿದೆಯೇ ಎಂದು ನೋಡಿದೆ. ಅತ್ತೆ ನೀರು ತರುತ್ತೇನೆಂದು ಬಿಂದಿಗೆ ಹಿಡಿದು ಬಾವಿಯ ಕಡೆಗೆ ಕುಂಟುತ್ತಾ ಹೋದಳು. ಬಹಳ ಹೊತ್ತಾದರೂ ಬರಲಿಲ್ಲ. ಹಿಂದಿನ ರಾತ್ರಿ ಕಣ್ಣು ಮುಚ್ಚದ ನಾನು, ಅವಳು ಬರುವವರೆಗೆ ಒಂದು ಚಣ ಒರಗುತ್ತೇನೆಂದು ಹಲಗೆಯ ಮೇಲೆ ಕಾಲು ಚಾಚಿದೆ. ಹಲಗೆ ಎಷ್ಟು ಮಟ್ಟಸವಾಗಿತ್ತೆಂದರೆ ನನಗೆ ಆಮೇಲಿನದು ತಿಳಿಯದು.

ಮೊದಲು ಕೇಳಿದ್ದು ಪಿಸುಮಾತು.

"ಸತ್ತೈತೇನೇ?"

"ಇಲ್ಲ ಕಣೇ. ಹೊಟ್ಟೆ ಆಡ್ತೈತೆ ನೋಡು."

"ಬಾಯಿ ತೆರ್ಕಂಡೈತಲ್ಲ."

"ಇನ್ಸ್‌ಪೆಟ್ರು ಹಂಗೇ ಮಲಗಾದು."

"ಮೀಸೆ ಎಲ್ಲೇ?"

ಕಣ್ಣು ತೆರೆದೆ. ಬೆಳಗಾಗಿ ಬಹಳ ಹೊತ್ತಾಗಿತ್ತು. ಹಿಂದಿನ ಪರದೆಯನ್ನು ಯಾರೋ ಕಮಾನಿನ ಮೇಲಕ್ಕೆ ಎಸೆದಿದ್ದರು. ಹಲಗೆಯ ಅಂಚಿಗೆ ಗಲ್ಲ ಊರಿಕೊಂಡು, ಎಣ್ಣೆ ಹಚ್ಚಿ ಬಾಚಿದ ತಲೆಗಳು ಸಾಲಾಗಿದ್ದವು. ಕೆಲವರ ಕಂಕುಳಲ್ಲಿ ಸ್ಲೇಟು. ಅವರ ಹಿಂದೆ ಅವರ ತಾಯಂದಿರು, ಕೆಲವರು ಸೊಂಟದ ಮೇಲೆ ಕೂಸು ಹೊತ್ತು, ಕೆಲವರು ಸೆರಗಿನಿಂದ ಬಾಯಿ ಮುಚ್ಚಿ ನಗುತ್ತಾ ನಿಂತಿದ್ದರು. ಅವರೆಲ್ಲರ ನಡುವೆ ತಿಪ್ಪಮ್ಮತ್ತೆ, ಶಾಲೆಯ ಕಟ್ಟೆಯ ಮೇಲೆ ಎಲೆಅಡಿಕೆ ಹರವಿಕೊಂಡು ಕೂತಿದ್ದಳು. ನಿನ್ನೆ ಸಂಜೆ ಬಾವಿಯ ಬಳಿ ಹೇಳಿದ ಕಥೆ ಇಡೀ ಊರನ್ನು ಸುತ್ತಿತ್ತು. ಜಾರುವ ಮಂಚವನ್ನೂ ಅದರ ಮೇಲೆ ಮಲಗುವ ಇನ್ಸ್‌ಪೆಟ್ರಮ್ಮನನ್ನೂ ನೋಡಲು ಮಗಳಂದಿರನ್ನು ಕೈಹಿಡಿದು ಕರೆತಂದದ್ದು ಆ ತಾಯಂದಿರೇ.

"ಎಬ್ಬಿಸ್ಬ್ಯಾಡ್ರೇ, ಪಾಪ ಓದಿ ಓದಿ ದಣಿದೈತೆ ಅಂತ ನಾನೂ ಹೇಳ್ದೆ" ಅಂದಳು ಅತ್ತೆ ನನ್ನ ಕಡೆ ತಿರುಗಿ. ಶಾಲೆಯ ಬಾಗಿಲಲ್ಲಿ ರುದ್ರಮ್ಮನವರು ಕಣ್ಣು ಒರೆಸಿಕೊಳ್ಳುತ್ತಿದ್ದರೋ ನಗುತ್ತಿದ್ದರೋ, ಕನ್ನಡಕ ಇಲ್ಲದ ನನಗೆ ಸ್ಪಷ್ಟವಾಗಿ ಕಾಣಲಿಲ್ಲ.

ನನ್ನ ಜಡೆ ಬಿಚ್ಚಿತ್ತು. ಕೆನ್ನೆಯ ಮೇಲೆ ಹಾಸಿಗೆಯ ಗೆರೆ ಮೂಡಿತ್ತು. ಕೈ ತಾನಾಗಿಯೇ ಪರದೆಯನ್ನು ಹುಡುಕಿತು. ಪರದೆ ಇಳಿಬಿಟ್ಟು, ತಲೆ ಬಾಚಿ, ಕನ್ನಡಕ ಹಾಕಿ, ಮೇಜಿನ ಹಿಂದೆ ಕೂತುಬಿಟ್ಟರೆ ಈ ತಲೆಗಳಲ್ಲಿ ಎಷ್ಟು ಉಳಿಯುತ್ತವೆ? ಮೀಸೆ ಹುಡುಕುತ್ತಿದ್ದ ಆ ಪುಟ್ಟ ಹುಡುಗಿ ಇನ್ನೂ ನನ್ನ ಮುಖವನ್ನೇ ನೋಡುತ್ತಿದ್ದಳು. ಅವಳಿಗೆ ಇನ್ನೂ ಪೂರ್ತಿ ನಂಬಿಕೆ ಬಂದಿರಲಿಲ್ಲ.

ಎದ್ದು ಕೂತೆ. ಚಾಚಿದ್ದ ಕಾಲು ಮಡಚಿಕೊಂಡೆ. ಹಲಗೆಯ ಮೇಲೆ ಒಬ್ಬರು ಕೂರುವಷ್ಟು ಜಾಗವಾಯಿತು. ಅವಳನ್ನು ಕೈಹಿಡಿದು ಹತ್ತಿಸಿಕೊಂಡೆ. ಅತ್ತೆಯ ದಿಂಬನ್ನು ಅತ್ತ ಸರಿಸಿದೆ, ಇನ್ನೊಬ್ಬಳಿಗೂ ಆಯಿತು. ಆಮೇಲೆ ಕೆಳಗೆ ಬಗ್ಗಿ, ಟ್ರಂಕಿನಿಂದ ಸೀಸದ ಕಡ್ಡಿ ತೆಗೆದುಕೊಂಡು, ತಲೆ ಬಾಚದೆಯೇ, ಹಾಸಿಗೆಯ ಮೇಲಿಂದಲೇ ಹುಡುಗಿಯರ ಹೆಸರು ಕೇಳಲು ಶುರುಮಾಡಿದೆ.